ಸರ್ವರ್‌ಗೆ ಯಾವ ಆವೃತ್ತಿ? ಮತ್ತದೇ ಪ್ರಶ್ನೆ

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದ ಸಣ್ಣ ಸರ್ವರ್‌ನಲ್ಲಿ ಡೆಬಿಯನ್ 12 (ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ) ಇದೆ. ದೂರದಿಂದ ಲಾಗಿನ್ ಆಗಲು ಬಳಸುವ ತಂತ್ರಾಂಶದ ಬಗ್ಗೆ ‘ಓಪನ್‌ಎಸ್‌ಎಸ್‌ಹೆಚ್ 9.2 ಹಳೆಯದು, ಅಪಾಯ’ ಎಂದು ಭದ್ರತಾ ದೋಷ ಹುಡುಕುವ ಸ್ಕ್ಯಾನರ್ ವರದಿ ಕೊಟ್ಟಿದೆ. ಎಲ್ಲವೂ ಹೊಸದಾಗಿರುವ ‘ಟೆಸ್ಟಿಂಗ್’ಗೆ (ಡೆಬಿಯನ್‌ನ ಇನ್ನೂ ಪರೀಕ್ಷೆಯಲ್ಲಿರುವ ಆವೃತ್ತಿಗೆ) ಹೋಗುವುದು ಒಳ್ಳೆಯದಲ್ಲವೇ?

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಒಳ್ಳೆಯದಲ್ಲ ಸ್ವಾಮಿ.

ಸ್ಟೇಬಲ್‌ನಲ್ಲಿ, ಅಂದರೆ 12, 13ರಂತೆ ಅಧಿಕೃತವಾಗಿ ಬಿಡುಗಡೆಯಾದ ಡೆಬಿಯನ್‌ನಲ್ಲಿ, ತಂತ್ರಾಂಶಗಳ ಆವೃತ್ತಿಯ ನಂಬರ್ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ತೂತು ಬಿದ್ದ ಕಡೆಗಷ್ಟೇ ತೇಪೆ ಹಾಕುತ್ತಾರೆ. 2024ರ ಜುಲೈ 1ರಂದು ಓಪನ್‌ಎಸ್‌ಎಸ್‌ಹೆಚ್‌ನ ದೊಡ್ಡ ದೋಷವೊಂದು ಬಯಲಾಯಿತು. 8.5ರಿಂದ 9.7ರವರೆಗಿನವು ಸಿಕ್ಕಿಬಿದ್ದವು. ಡೆಬಿಯನ್ 12ಕ್ಕೆ ಅವತ್ತೇ ತೇಪೆ ಬಂತು. ನಂಬರ್ ಅದೇ 9.2, ಬಾಲಕ್ಕೆ ಮಾತ್ರ ‘ಡೆಬ್12ಯು3’ ಸೇರಿತು. ಇನ್ನೂ ಹಳೆಯ ಡೆಬಿಯನ್ 11ರ 8.4ಕ್ಕೆ ಆ ದೋಷ ತಟ್ಟಲೇ ಇಲ್ಲ! ಅಗ್ಗದ ಸ್ಕ್ಯಾನರ್‌ಗಳು ಬಾಲ ಓದುವುದಿಲ್ಲ, ತಲೆ ನೋಡಿ ಬೊಬ್ಬೆ ಹಾಕುತ್ತವೆ. ಡೆಬಿಯನ್‌ನಲ್ಲಿ ತಂತ್ರಾಂಶ ಹಾಕಿ ನವೀಕರಿಸುವ ಸಲಕರಣೆಯೇ ಆಪ್ಟ್; ಏನೇನು ತಿದ್ದಿದ್ದಾರೆಂದು ತೋರಿಸುವ ‘ಆಪ್ಟ್ ಚೇಂಜ್‌ಲಾಗ್’ ಆಜ್ಞೆ ಕೊಟ್ಟು ನೀವೇ ಓದಿ.

ಇನ್ನು ಟೆಸ್ಟಿಂಗ್. ಅದೇ ವರ್ಷ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ತಂತ್ರಾಂಶ ಎಕ್ಸ್‌ಝಡ್ 5.6ರೊಳಗೆ ಯಾರೋ ಹಿಂಬಾಗಿಲು ಇಟ್ಟಿದ್ದು ಪತ್ತೆಯಾಯಿತಲ್ಲ, ಅದು ಹೊಕ್ಕಿದ್ದು ಟೆಸ್ಟಿಂಗ್, ಅನ್‌ಸ್ಟೇಬಲ್‌ನಂಥ ಕಡೆಗೆ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೆದಕಿದ್ದರಿಂದ ಸಿಕ್ಕಿತು. ಸ್ಟೇಬಲ್‌ನವರು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ಮೇಲಾಗಿ ಟೆಸ್ಟಿಂಗ್‌ಗೆ ಭದ್ರತಾ ತೇಪೆಗಳು ಎಷ್ಟೋ ಸಲ ತಡವಾಗಿಯೇ ತಲುಪುತ್ತವೆ.

ನನ್ನ ಪರಿಚಯದವರೊಬ್ಬರು ವರದಿಯ ಕೆಂಪು ಬಣ್ಣ ಅಳಿಸಲು ಓಪನ್‌ಎಸ್‌ಎಸ್‌ಹೆಚ್‌ನ ಸೋರ್ಸ್ ಕೋಡ್ ತಂದು ತಾವೇ ಕಂಪೈಲ್ ಮಾಡಿ ಹಾಕಿಕೊಂಡರು. ವರದಿ ಹಸಿರಾಯಿತು. ಅಂದಿನಿಂದ ಅದನ್ನು ಆಪ್ಟ್ ಮುಟ್ಟಿಲ್ಲ, ಅವರೂ ಮುಟ್ಟಿಲ್ಲ.

ನೋಡಬೇಕಾದ್ದು ಆಯಸ್ಸು, ಅಂದರೆ ಭದ್ರತಾ ತೇಪೆ ಎಲ್ಲಿಯವರೆಗೆ ಬರುತ್ತದೆಂಬುದು. ಡೆಬಿಯನ್ 12ಕ್ಕೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಸೇರಿ 2028ರ ಜೂನ್‌ವರೆಗೆ, 2025ರ ಆಗಸ್ಟ್‌ನಲ್ಲಿ ಬಂದ 13ಕ್ಕೆ 2030ರವರೆಗೆ. ಹೊಸದಾಗಿ ಹಾಕುವವರು 13 ಹಾಕಿ. ಯಾವುದೇ ಹೊಸ ಬಿಡುಗಡೆಯಾದರೂ ಮೊದಲ ತಿದ್ದುಪಡಿ ಬರುವವರೆಗೆ ನಾನು ಮುಟ್ಟುವುದಿಲ್ಲ. ಪುಕ್ಕಲುತನ ಅನ್ನಿ, ಚಿಂತೆಯಿಲ್ಲ. ತೇಪೆಗಳನ್ನು ತಾನೇ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಹಾಕಿಟ್ಟರೂ ಅದು ತಾನಾಗಿ ರೀಬೂಟ್ ಮಾಡದು; ರೀಬೂಟ್ ಆಗದೆ ಹೊಸ ಕರ್ನಲ್ (ಸಿಸ್ಟಂನ ತಿರುಳು) ಜಾರಿಗೆ ಬಾರದು. ‘ನಾನೂರು ದಿನದಿಂದ ಸರ್ವರ್ ಆಫ್ ಆಗಿಲ್ಲ’ ಎಂದು ಮೀಸೆ ತಿರುವುವವರೇ, ನಿಮ್ಮದು ನಾನೂರು ದಿನ ಹಳೆಯ ಕರ್ನಲ್.

ಪ್ರಶ್ನೆ: ಡೆಬಿಯನ್ ಬದಲು ಉಬುಂಟು 25.10 ಆಗಬಹುದೇ?
ಉತ್ತರ: ಅದರ ಆಯಸ್ಸು ಒಂಬತ್ತು ತಿಂಗಳು. ಉಬುಂಟುವೇ ಬೇಕೆಂದರೆ 2029ರವರೆಗೆ ಬಾಳುವ 24.04 ಎಲ್‌ಟಿಎಸ್ ಹಾಕಿ.

ಪ್ರಶ್ನೆ: ಕಾಳಿ ಲಿನಕ್ಸ್ ಹಾಕಿದರೆ ಸರ್ವರ್ ಹ್ಯಾಕ್ ಆಗುವುದಿಲ್ಲವಂತೆ?
ಉತ್ತರ: ಅದು ಬೀಗ ಪರೀಕ್ಷಿಸುವವರ ಸಲಕರಣೆ ಪೆಟ್ಟಿಗೆ, ಬೀಗವಲ್ಲ. ಹಾಗೆ ಹೇಳಿದ ಯೂಟ್ಯೂಬ್ ಪಂಡಿತರನ್ನು ಅನ್‌ಸಬ್‌ಸ್ಕ್ರೈಬ್ ಮಾಡಿ.

ಪ್ರಶ್ನೆ: ನಮ್ಮಲ್ಲಿ ಸೆಂಟ್‌ಒಎಸ್ 7 ಎಂಬ ಇನ್ನೊಂದು ಲಿನಕ್ಸ್ ಚೆನ್ನಾಗಿಯೇ ಓಡುತ್ತಿದೆ. ಬದಲಿಸಲೇಬೇಕೇ?
ಉತ್ತರ: 2024ರ ಜೂನ್ 30ಕ್ಕೇ ತೇಪೆ ಬರುವುದು ನಿಂತು ಅದರ ಕಥೆ ಮುಗಿದಿದೆ. ಮೊದಲು ನೆಟ್ ಕೇಬಲ್ ಕಳಚಿ, ಆಮೇಲೆ ಪತ್ರ ಬರೆಯಿರಿ.