ಕಂಟ್ರೋಲರ್‌ನ ಸ್ಟಿಕ್ ತಾನಾಗಿಯೇ ಸರಿಯುತ್ತಿದೆ: ಹಾಲ್ ಎಫೆಕ್ಟ್ ಇರುವ ಹೊಸದನ್ನು ಕೊಳ್ಳಲೇಬೇಕೆ?

ಪುಣೆಯಲ್ಲಿ ಓದುತ್ತಿರುವ ತಾವು ಕೇಳಿರುವುದು ಇಷ್ಟು: ಒಂದೂವರೆ ವರ್ಷದ ಕಂಟ್ರೋಲರ್‌ನ ಎಡ ಸ್ಟಿಕ್ ಮುಟ್ಟದಿದ್ದರೂ ಆಟದ ಪಾತ್ರ ಎಡಕ್ಕೆ ನಡೆಯುತ್ತದೆ, ಬ್ರೌಸರ್‌ನ ಪರೀಕ್ಷಾ ಪುಟದಲ್ಲಿ (ಅಲ್ಲಿ ನಡುವೆ 0, ಪೂರ್ತಿ ಎಡಕ್ಕೆ −1) −0.09 ಎಂದು ಕಾಣುತ್ತದೆ, ಗೆಳೆಯರು ಮಳೆಗಾಲದ ತೇವವನ್ನು ದೂರುತ್ತಾರೆ, ಅಂಗಡಿಯವರು ಹಾಲ್ ಎಫೆಕ್ಟ್ ಇರುವ, ಅಂದರೆ ಸ್ಟಿಕ್‌ನ ಸ್ಥಾನವನ್ನು ಆಯಸ್ಕಾಂತದಿಂದ ಅಳೆಯುವ, ಹೊಸದನ್ನೇ ಕೊಳ್ಳಿ ಎನ್ನುತ್ತಾರೆ. ನಾನು ಮುಂಬೈ ಬಳಿಯ ಡೊಂಬಿವಲಿಯವನು, ಆರು ವರ್ಷಗಳಿಂದ ಭಾನುವಾರಗಳಂದು ಇಲ್ಲಿನ ಕನ್ನಡದ ಮನೆಗಳ ಹುಡುಗರು ತಂದುಕೊಡುವ ಕಂಟ್ರೋಲರ್‌ಗಳನ್ನು ಬಿಚ್ಚಿ ಸರಿಪಡಿಸುತ್ತ ಬಂದಿದ್ದೇನೆ. ಹಣ ಖರ್ಚು ಮಾಡುವ ಮೊದಲು ಅಳೆದು ನೋಡಿ ಎಂಬುದೇ ನನ್ನ ಉತ್ತರ. ಸ್ಟಿಕ್ ಹೀಗೆ ತಾನಾಗಿಯೇ ಸರಿಯುವುದಕ್ಕೆ ಡ್ರಿಫ್ಟ್ ಎನ್ನುತ್ತಾರೆ; ಆ ಒಂದೇ ಹೆಸರಿನಲ್ಲಿ ನಾವು ಮೂರು ಬೇರೆ ಬೇರೆ ತೊಂದರೆಗಳನ್ನು ಕರೆಯುತ್ತಿದ್ದೇವೆ, ಅವುಗಳಲ್ಲಿ ಒಂದು ಕಂಟ್ರೋಲರ್‌ನದ್ದಲ್ಲ, ಆಟದ್ದು.

ಸಾಮಾನ್ಯ ಸ್ಟಿಕ್‌ನ ಅಡಿಯಲ್ಲಿ ಎರಡು ಪೊಟೆನ್ಷಿಯೋಮೀಟರ್‌ಗಳಿರುತ್ತವೆ, ಎಡಬಲಕ್ಕೆ ಒಂದು, ಮೇಲುಕೆಳಕ್ಕೆ ಒಂದು. ಪ್ರತಿಯೊಂದರಲ್ಲಿಯೂ ಇಂಗಾಲ ಬಳಿದ ಒಂದು ಪಥದ ಮೇಲೆ ಲೋಹದ ಸಣ್ಣ ನಾಲಿಗೆ ಉಜ್ಜುತ್ತ ಸರಿಯುತ್ತದೆ, ಅದು ನಿಂತ ಜಾಗದ ವೋಲ್ಟೇಜನ್ನೇ ಕಂಟ್ರೋಲರ್ ಸ್ಥಾನವೆಂದು ಓದುತ್ತದೆ. ಬದಿಯ ಹಸಿರು ಮುಚ್ಚಳ ತೆಗೆದು ಭೂತಗನ್ನಡಿ ಹಿಡಿದರೆ, ಹೊಸ ಪಥ ಸ್ಲೇಟಿನಂತೆ ಮಂದವಾಗಿ, ಸಮವಾಗಿ ಕಾಣುತ್ತದೆ. ಸವೆದದ್ದರಲ್ಲಿ ಸರಿಯಾಗಿ ಮಧ್ಯದಲ್ಲಿಯೇ, ಅಂದರೆ ಸ್ಟಿಕ್ ಅತಿ ಹೆಚ್ಚು ಹೊತ್ತು ಓಡಾಡುವ ಜಾಗದಲ್ಲಿ, ಹೊಳೆಯುವ ಗೀರು ಬಿದ್ದಿರುತ್ತದೆ ಮತ್ತು ಅದರ ಅಂಚಿಗೆ ಕಪ್ಪು ಪುಡಿ ಕೂತಿರುತ್ತದೆ. ಮುಂಬೈಯ ಜುಲೈ ತಿಂಗಳ ಗಾಳಿ ಬ್ಯಾಟರಿಯ ಸ್ಪ್ರಿಂಗ್‌ಗೆ ತುಕ್ಕು ಹಿಡಿಸಿದ್ದನ್ನು ನಾನು ಕಂಡಿದ್ದೇನೆ, ಆದರೆ ಸ್ಟಿಕ್ ಹಾಳಾಗುವುದಕ್ಕೆ ನಾನು ಬಿಚ್ಚಿದ ಬಹುಪಾಲು ಕಂಟ್ರೋಲರ್‌ಗಳಲ್ಲಿ ಸಿಕ್ಕ ಕಾರಣ ಈ ಗೀರೇ. ಈ ಸವೆತವೇ ಮೊದಲನೆಯ ತೊಂದರೆ.

ಎರಡನೆಯ ತೊಂದರೆ ಸ್ಪ್ರಿಂಗ್‌ನದ್ದು. ಪಥ ಚೆನ್ನಾಗಿಯೇ ಇದ್ದು, ಸ್ಟಿಕ್ ಮಾತ್ರ ನಡುವಿಗೆ ಪೂರ್ತಿ ಮರಳದೆ ನಿಲ್ಲುತ್ತದೆ. ಇವೆರಡನ್ನೂ ಬೇರ್ಪಡಿಸಲು ಬಿಚ್ಚಬೇಕಾಗಿಲ್ಲ. ಪರೀಕ್ಷಾ ಪುಟವನ್ನು ತೆರೆದು ಸ್ಟಿಕ್ಕನ್ನು ಪೂರ್ತಿ ಎಡಕ್ಕೆ ಎಳೆದು ಬಿಡಿ, ಅಂಕಿ ಬರೆದುಕೊಳ್ಳಿ. ಆಮೇಲೆ ಬಲಕ್ಕೆ ಎಳೆದು ಬಿಡಿ. ಎರಡು ಸಲವೂ ಬೇರೆ ಬೇರೆ ಅಂಕಿಯಲ್ಲಿ ನಿಂತು, ನಿಂತ ಮೇಲೆ ಅಲುಗದಿದ್ದರೆ ಅದು ಸ್ಪ್ರಿಂಗ್‌ನ ಸಡಿಲ. ಕೈ ತೆಗೆದ ಮೇಲೂ ಅಂಕಿ ನಡುಗುತ್ತಲೇ ಇದ್ದರೆ, ಇಲ್ಲವೆ ನಿಧಾನವಾಗಿ ಸರಿಸುವಾಗ ಒಂದೇ ಜಾಗದಲ್ಲಿ ಥಟ್ಟನೆ ಹಾರಿದರೆ ಅದು ಸವೆತ.

ಮೂರನೆಯದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾವ ಸ್ಟಿಕ್ಕೂ, ಡಬ್ಬಿಯಿಂದ ಆಗತಾನೆ ತೆಗೆದದ್ದೂ, ಸರಿಯಾಗಿ ಸೊನ್ನೆಗೆ ಬಂದು ನಿಲ್ಲುವುದಿಲ್ಲ. ಅದಕ್ಕಾಗಿಯೇ ಆಟದ ವಿನ್ಯಾಸಕರು ನಡುವಿನ ಒಂದಿಷ್ಟು ವಲಯದ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುತ್ತಾರೆ. ಅದೇ ಡೆಡ್ ಝೋನ್. ವಿಂಡೋಸ್ ಆಟಗಳು ಕಂಟ್ರೋಲರನ್ನು ಓದಲು ಬಳಸುವ, ಮೈಕ್ರೋಸಾಫ್ಟ್‌ನ ಎಕ್ಸ್‌ಇನ್‌ಪುಟ್ ವ್ಯವಸ್ಥೆಯಲ್ಲಿ ಸ್ಟಿಕ್‌ನ ವ್ಯಾಪ್ತಿ −32768ರಿಂದ 32767ರವರೆಗೆ ಇದ್ದು, ಅದು ಎಡ ಸ್ಟಿಕ್‌ಗೆ ಸೂಚಿಸುವ ಡೆಡ್ ಝೋನ್ 7849, ಬಲ ಸ್ಟಿಕ್‌ಗೆ 8689. ಎಂದರೆ ಸುಮಾರು ನೂರಕ್ಕೆ 24 ಮತ್ತು 26.5. ಈ ಲೆಕ್ಕವನ್ನು ಪಾಲಿಸುವ ಆಟದಲ್ಲಿ ತಮ್ಮ 0.09, ಅಂದರೆ ನೂರಕ್ಕೆ 9, ಕಣ್ಣಿಗೇ ಬೀಳುವುದಿಲ್ಲ. ಆದರೆ ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಹೆಬ್ಬೆರಳಿನ ಕೂದಲೆಳೆಯ ಚಲನೆಗೂ ಬೆಲೆಯಿರುವುದರಿಂದ ಈ ವಲಯವನ್ನು ಬಹಳ ಚಿಕ್ಕದಾಗಿ ಇಡುವುದುಂಟು, ಆಗ ಅದೇ ಸ್ಟಿಕ್ ಕೆಟ್ಟುಹೋದಂತೆ ಕಾಣುತ್ತದೆ. ವಲಯದ ಆಕಾರವೂ ಮುಖ್ಯ. ಎಡಬಲ ಮತ್ತು ಮೇಲುಕೆಳಗಳನ್ನು ಬೇರೆ ಬೇರೆಯಾಗಿ ಕತ್ತರಿಸಿದರೆ ಶಿಲುಬೆಯಾಕಾರದ ವಲಯ ಉಂಟಾಗಿ, ಓರೆಯಾಗಿ ನಡೆಯಲು ಹೊರಟ ಪಾತ್ರ ನೇರ ದಾರಿಗೆ ಅಂಟಿಕೊಳ್ಳುತ್ತದೆ. ವೃತ್ತಾಕಾರವಾಗಿ ಕತ್ತರಿಸಿ, ವೃತ್ತದ ಅಂಚನ್ನೇ ಹೊಸ ಸೊನ್ನೆಯಾಗಿ ಹಿಡಿದು ಅಲ್ಲಿಂದ ವೇಗವನ್ನು ಏರಿಸಿದರೆ, ವಲಯ ದೊಡ್ಡದಿದ್ದರೂ ಕೈಗೆ ಗೊತ್ತಾಗುವುದೇ ಕಡಿಮೆ. ಡೆಡ್ ಝೋನನ್ನು ಆಟಗಾರ ತಾನೇ ಬದಲಾಯಿಸಿಕೊಳ್ಳಲು ಬಿಡುವ ರಾಕೆಟ್ ಲೀಗ್‌ನಂತಹ ಆಟಗಳನ್ನು ನಾನು ಮನಃಪೂರ್ವಕ ಮೆಚ್ಚುತ್ತೇನೆ. ಆ ಒಂದು ಆಯ್ಕೆಯನ್ನು ಕೊಡದ ಆಟ, ಹಳೆಯ ಕಂಟ್ರೋಲರ್ ಇಟ್ಟುಕೊಂಡಿರುವ ವಿದ್ಯಾರ್ಥಿಯ ಮೇಲೆ ಸಾವಿರಾರು ರೂಪಾಯಿಯ ಹೊರೆ ಹೊರಿಸುತ್ತದೆ. ವಿನ್ಯಾಸಕರು ಇದನ್ನು ಸಣ್ಣ ವಿಷಯವೆಂದು ಬಿಡಬಾರದು.

ಇನ್ನು ಹಾಲ್ ಎಫೆಕ್ಟ್. ಅಂಗಡಿಯವರು ಹೇಳುವುದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಆಯಸ್ಕಾಂತವೊಂದು ಸಂವೇದಕದ ಮುಂದೆ ತಿರುಗುತ್ತದೆ, ಒಂದನ್ನೊಂದು ಮುಟ್ಟುವುದಿಲ್ಲವಾದ್ದರಿಂದ ಉಜ್ಜಿ ಸವೆಯುವ ಪಥವೇ ಅಲ್ಲಿಲ್ಲ. ಇದು ಹೊಸ ಶೋಧವೂ ಅಲ್ಲ: ಎಡ್ವಿನ್ ಹಾಲ್ ಈ ಪರಿಣಾಮವನ್ನು ಕಂಡದ್ದು 1879ರಲ್ಲಿ, ಜಪಾನಿನಲ್ಲಿ 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ನಲ್ಲಿಯೇ ಇದು ಇತ್ತು. ಈಗ ಬರುತ್ತಿರುವ ಟಿಎಂಆರ್ (ಟನಲ್ ಮ್ಯಾಗ್ನೆಟೋರೆಸಿಸ್ಟೆನ್ಸ್) ಸಂವೇದಕಗಳು ಇದೇ ಆಯಸ್ಕಾಂತದ ವಿಧಾನವನ್ನು ಇನ್ನೂ ಕಡಿಮೆ ವಿದ್ಯುತ್ತಿನಲ್ಲಿ ನಡೆಸುತ್ತವೆ. ಆದರೆ ಸ್ಪ್ರಿಂಗ್ ಅದೇ ಸ್ಪ್ರಿಂಗ್, ಒತ್ತುವ ಗುಂಡಿಯೂ ಅದೇ ಬಗೆಯದು. ತಮ್ಮ ತೊಂದರೆ ಸಡಿಲದ್ದಾಗಿದ್ದರೆ ಹಾಲ್ ಎಂಬ ಹೆಸರು ಅದನ್ನು ಶಾಶ್ವತವಾಗಿ ಗುಣಪಡಿಸದು.

ಸವೆತವೇ ಎಂದು ಖಚಿತವಾದರೆ ಸ್ಟಿಕ್‌ನ ಮಾಡ್ಯೂಲ್, ಅಂದರೆ ಪೊಟೆನ್ಷಿಯೋಮೀಟರ್, ಸ್ಪ್ರಿಂಗ್ ಎಲ್ಲ ಸೇರಿದ ಬಿಡಿಭಾಗ, ಒಂದನ್ನೇ ಬದಲಿಸಬಹುದು. ನಾನು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಳ್ಳುತ್ತೇನೆ, ಹೊಸ ಕಂಟ್ರೋಲರ್‌ನ ಬೆಲೆಯ ಮುಂದೆ ಅದು ಏನೂ ಅಲ್ಲ. ಆದರೆ ಸಾಮಾನ್ಯ ಮಾಡ್ಯೂಲ್‌ಗೆ 14 ಬೆಸುಗೆಗಳಿರುತ್ತವೆ, ಅವುಗಳಲ್ಲಿ ಗ್ರೌಂಡ್‌ಗೆ, ಅಂದರೆ ಬೋರ್ಡಿನ ಅಗಲವಾದ ತಾಮ್ರದ ಹಾಸಿಗೆ, ಸೇರಿದವು ಬಿಸಿಯನ್ನೆಲ್ಲ ಹೀರಿಕೊಂಡು ಕರಗಲು ಒಪ್ಪುವುದಿಲ್ಲ. ಅವಸರಪಟ್ಟು ಎಳೆದರೆ ಬೋರ್ಡಿನ ತಾಮ್ರವೇ ಕಿತ್ತುಬರುತ್ತದೆ. ನನ್ನ ಮೊದಲ ಕಂಟ್ರೋಲರ್ ಹಾಗೆಯೇ ಹೋಯಿತು. ಸೀಸವಿರುವ ಬೆಸುಗೆಯನ್ನು ಮೊದಲು ಬೆರೆಸಿ ಕರಗಿಸುವುದನ್ನು ಆಮೇಲೆ ಕಲಿತೆ. ಹಾಕಿದ ನಂತರ ಕ್ಯಾಲಿಬ್ರೇಷನ್ ಮಾಡದಿದ್ದರೆ, ಅಂದರೆ ನಡುಬಿಂದು ಎಲ್ಲಿದೆಯೆಂದು ಕಂಟ್ರೋಲರ್‌ಗೆ ಹೊಸದಾಗಿ ತಿಳಿಸದಿದ್ದರೆ, ಹೊಸ ಮಾಡ್ಯೂಲ್ಲೂ ಡ್ರಿಫ್ಟ್ ತೋರಿಸುತ್ತದೆ, ಏಕೆಂದರೆ ಹಳೆಯದರ ನಡುಬಿಂದು ಕಂಟ್ರೋಲರ್‌ನ ಸ್ಮೃತಿಯಲ್ಲಿ ಉಳಿದಿರುತ್ತದೆ. ಶೇಕಡ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆಯುವುದರಿಂದ ಪುಡಿ ಹೋಗಿ ಕೆಲವು ವಾರ ನೆಮ್ಮದಿ ಸಿಗಬಹುದು, ಗೀರು ಮಾತ್ರ ತುಂಬುವುದಿಲ್ಲ.

ತಮ್ಮ ಮಟ್ಟಿಗೆ ಹೇಳುವುದಾದರೆ, ಅಂಕಿ −0.09ರಲ್ಲಿ ಅಲುಗದೆ ನಿಂತಿದ್ದರೆ ಆಟದಲ್ಲಿ ಡೆಡ್ ಝೋನನ್ನು 0.12ಕ್ಕೆ ಏರಿಸಿ ಆಡಿ, ಪ್ರತಿ ತಿಂಗಳೂ ಒಂದು ಸಲ ಅಳೆದು ಬರೆದಿಡಿ. ಅದು 0.15 ದಾಟಿದ ದಿನ, ಅಥವಾ ನಡುಗಲು ಆರಂಭಿಸಿದ ದಿನ, ಮಾಡ್ಯೂಲ್ ಬದಲಿಸಿ. ಆಗ ಹಾಲ್ ಎಫೆಕ್ಟ್‌ನದ್ದನ್ನೇ ಹಾಕಿಸಿ, ಮತ್ತು ಕ್ಯಾಲಿಬ್ರೇಷನ್ ಮಾಡಿಕೊಡುತ್ತೀರಾ ಎಂದು ರಿಪೇರಿಯವರನ್ನು ಮೊದಲೇ ಕೇಳಿ.