ಕಲಬುರಗಿ ಪಾಲಿಕೆಗೆ ನೂರಾರು ಕೋಟಿ ಬಜೆಟ್ ಇದ್ದರೂ ನಮ್ಮ ಓಣಿಗೆ ಚರಂಡಿ ಯಾಕಿಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಪ್ರತಿ ವರ್ಷ ಪಾಲಿಕೆ ನೂರಾರು ಕೋಟಿ ಬಜೆಟ್ ಮಂಡಿಸುತ್ತದೆ, ನೀವು ತೆರಿಗೆ ತಪ್ಪದೆ ಕಟ್ಟುತ್ತೀರಿ, ಆದರೂ ರಿಂಗ್ ರಸ್ತೆ ಆಚೆಯ ನಿಮ್ಮ ಬಡಾವಣೆಗೆ ಚರಂಡಿ ಬಂದಿಲ್ಲ, ರೊಕ್ಕ ಎಲ್ಲಿ ಹೋಗುತ್ತದೆ? ನಾನು ಕಲಬುರಗಿಯವನೇ. ಈ ಭಾಗದ ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರದ ಕೆಲಸ ಬಹಳ ವರ್ಷ ಮಾಡಿದ್ದೇನೆ. 'ಎಲ್ಲ ತಿಂದು ಹಾಕಿದರು' ಅನ್ನುವ ಉತ್ತರ ನಿಮಗೆ ಬೇಕಾದಷ್ಟು ಸಿಗುತ್ತದೆ, ಅದನ್ನು ಹೇಳಿಕೊಂಡು ಕೂತರೆ ಚರಂಡಿ ಬರುವುದಿಲ್ಲ. ಊರಿನ ಮೇಲೆ ಖರ್ಚಾಗುವ ರೊಕ್ಕ ಏಳೆಂಟು ಕಚೇರಿಗಳ ಕೈಯಿಂದ ಬರುತ್ತದೆ. ಪಾಲಿಕೆ ತನ್ನ ಇಷ್ಟದಂತೆ ಖರ್ಚು ಮಾಡಬಹುದಾದದ್ದು ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ.

ನಿಮ್ಮ ತೆರಿಗೆ ಚಲನ್ ತೆಗೆದು ನೋಡಿ. ಆಸ್ತಿ ತೆರಿಗೆ 1,000 ರೂಪಾಯಿ ಇದ್ದರೆ ಅದರ ಮೇಲೆ ಆರೋಗ್ಯ ಸೆಸ್ 150, ಗ್ರಂಥಾಲಯ ಸೆಸ್ 60, ಭಿಕ್ಷಾಟನೆ ನಿರ್ಮೂಲನೆ ಸೆಸ್ 30 ಅಂತ ಸೇರಿರುತ್ತದೆ, ಅದರ ಜೊತೆಗೆ ನಗರ ಸಾರಿಗೆ ಸೆಸ್ ಬೇರೆ. ಇದನ್ನು ವಸೂಲಿ ಮಾಡುವುದು ಪಾಲಿಕೆ, ಆದರೆ ವಸೂಲಿ ವೆಚ್ಚ ಹಿಡಿದುಕೊಂಡು ಉಳಿದದ್ದನ್ನು ಆಯಾ ಇಲಾಖೆಗೆ ಕಟ್ಟಬೇಕು. ಅಂದರೆ ನೀವು ಕೌಂಟರಿನಲ್ಲಿ ಕೊಟ್ಟದ್ದೆಲ್ಲ ಪಾಲಿಕೆಯ ಕೈಗೆ ಬಂತು ಅಂತ ತಿಳಿಯಬೇಡಿ.

ಇನ್ನು ಪತ್ರಿಕೆಯಲ್ಲಿ ಬರುವ ದೊಡ್ಡ ಅಂಕಿ. ಆ ಮೊತ್ತದಲ್ಲಿ ಗುತ್ತಿಗೆದಾರರ ಠೇವಣಿ, ಬಿಲ್ಲಿನಲ್ಲಿ ಹಿಡಿದ ಜಿಎಸ್‌ಟಿ, ಆದಾಯ ತೆರಿಗೆ, ಕಾರ್ಮಿಕ ಸೆಸ್ ಎಲ್ಲ ಸೇರಿರುತ್ತವೆ. ಒಂದು ಕೈಯಿಂದ ಬಂದು ಇನ್ನೊಂದು ಕೈಯಿಂದ ಹೋಗುವ ರೊಕ್ಕ ಅದು. ಪಾಲಿಕೆಗಳು ಸಾಮಾನ್ಯವಾಗಿ ಕೊರತೆ ಬಜೆಟ್ ಮಂಡಿಸುವುದಿಲ್ಲ. ಹಾಗಾಗಿ ಖರ್ಚಿನ ಪಟ್ಟಿ ಉದ್ದವಾದಂತೆ ಆದಾಯದ ಅಂದಾಜೂ ಉಬ್ಬುತ್ತಾ ಹೋಗುತ್ತದೆ, ಕೊನೆಗೆ ಎಲ್ಲ ಊರಲ್ಲೂ 'ಉಳಿತಾಯ ಬಜೆಟ್' ಅಂತಲೇ ಸುದ್ದಿ. ಬಜೆಟ್ ಪುಸ್ತಕ ಕೈಗೆ ಸಿಕ್ಕರೆ ಮುಂದಿನ ವರ್ಷದ ಅಂದಾಜಿನ ಕಾಲಂ ಬಿಟ್ಟುಬಿಡಿ. ಹಿಂದಿನ ವರ್ಷದ 'ವಾಸ್ತವಿಕ' ಅನ್ನುವ ಕಾಲಂ ಓದಿ. ನಿಜವಾಗಿ ಎಷ್ಟು ಬಂತು, ಎಷ್ಟು ಹೋಯಿತು ಅನ್ನುವುದು ಅಲ್ಲಿ ಮಾತ್ರ ಇರುತ್ತದೆ. ಚರಂಡಿಗೆ ಅಂತ ಎರಡು ವರ್ಷದಿಂದ ಒಂದೇ ಮೊತ್ತ ಅಂದಾಜಿನಲ್ಲಿ ಇದ್ದು, ವಾಸ್ತವಿಕದಲ್ಲಿ ಅದರ ಕಾಲು ಭಾಗವೂ ಇಲ್ಲದಿದ್ದರೆ ನೀವು ಕೇಳಬೇಕಾದ ಪ್ರಶ್ನೆ ಅಲ್ಲೇ ಸಿಕ್ಕಿತು.

ಬೆಂಗಳೂರು, ದೆಹಲಿಯಿಂದ ಬರುವ ಅನುದಾನ ಬರುವಾಗಲೇ ಷರತ್ತು ಹೊತ್ತು ಬರುತ್ತದೆ. 15ನೇ ಹಣಕಾಸು ಆಯೋಗದ ಅನುದಾನ ನಮ್ಮಂಥ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ 2021-22ರಿಂದ 2025-26ರವರೆಗೆ ಶೇ 40 ಮಾತ್ರ ಮುಕ್ತವಾಗಿತ್ತು, ಅಂದರೆ ಅಷ್ಟನ್ನು ಮಾತ್ರ ಯಾವ ಕೆಲಸಕ್ಕೆ ಹಾಕಬೇಕು ಅಂತ ಪಾಲಿಕೆಯೇ ತೀರ್ಮಾನಿಸಬಹುದಿತ್ತು. ಉಳಿದ ಶೇ 60ರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವೇತನದ್ದೇ ಬೇರೆ, ವಿದ್ಯುತ್ತಿನದ್ದೇ ಬೇರೆ. ಬೀದಿ ದೀಪ ಮತ್ತು ನೀರಿನ ಪಂಪಿನ ಬಿಲ್ ಅಂತ ವಿದ್ಯುತ್ತಿನ ರೊಕ್ಕ ವಿದ್ಯುತ್ ಕಂಪನಿ ಜೆಸ್ಕಾಂಗೆ ಹೋಗುತ್ತದೆ. ಇದೆಲ್ಲ ಆದಮೇಲೆ ಪಾಲಿಕೆ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಇವನ್ನು ಕಡಿಮೆ ಮಾಡಬೇಕು ಅಂತ ನಾನು ಖಂಡಿತ ಹೇಳುತ್ತಿಲ್ಲ. ನಮ್ಮ ಭಾಗದಲ್ಲಿ ಇವು ಇರಲೇಬೇಕು, ಪೂರ್ತಿ ಖರ್ಚೂ ಆಗಬೇಕು. ಆದರೆ 55 ವಾರ್ಡಿಗೆ ಹಂಚೋಕೆ ಉಳಿಯುವುದು ಎಷ್ಟು ಅಂತ ಲೆಕ್ಕ ಹಾಕಿ ನೋಡಿ.

ಹಾಗಾದರೆ ದೊಡ್ಡ ಕೆಲಸ ಯಾರು ಮಾಡುತ್ತಾರೆ? ನೀರನ್ನೇ ತೆಗೆದುಕೊಳ್ಳಿ. ಭೀಮಾ ನದಿ ಮತ್ತು ಬೆಣ್ಣೆತೊರೆಯಿಂದ ನೀರು ಬರುತ್ತದೆ. 24 ಗಂಟೆ ನೀರಿನ ಯೋಜನೆ ವಿಶ್ವಬ್ಯಾಂಕ್ ಸಾಲದ್ದು, ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿಗೂ ಅದೇ ತರಹದ್ದು ಇದೆ. ನಡೆಸುವುದು ರಾಜ್ಯ ಸರ್ಕಾರದ ನಗರ ಮೂಲಸೌಕರ್ಯ ನಿಗಮವಾದ ಕೆಯುಐಡಿಎಫ್‌ಸಿ, ಕೆಲಸ ಮಾಡುವುದು ಗುತ್ತಿಗೆ ಕಂಪನಿ, ಬೈಸಿಕೊಳ್ಳುವುದು ಮಾತ್ರ ವಾರ್ಡಿನ ಕಾರ್ಪೊರೇಟರ್. ಮುಖ್ಯ ರಸ್ತೆಗಳಲ್ಲಿ ಕೆಲವು ಲೋಕೋಪಯೋಗಿ ಇಲಾಖೆಯವು, ಕೆಲವು ಹೆದ್ದಾರಿಯವು. ಬಸ್ಸು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಶಾಲೆ, ದೊಡ್ಡಾಸ್ಪತ್ರೆ, ಪೊಲೀಸು, ಅಗ್ನಿಶಾಮಕ ಯಾವುದೂ ಪಾಲಿಕೆಯ ಖರ್ಚಲ್ಲ.

ನಮ್ಮ ಕಡೆ ರೊಕ್ಕ ಬರುವ ಇನ್ನೊಂದು ದೊಡ್ಡ ಬಾಗಿಲಿದೆ: ಕೆಕೆಆರ್‌ಡಿಬಿ, ಅಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಹುಟ್ಟಿದ ಮಂಡಳಿ. 2023-24ರಿಂದ ಏಳು ಜಿಲ್ಲೆಗಳಿಗೆ ಸೇರಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ. ಆ ರೊಕ್ಕದಲ್ಲಿ ಊರೊಳಗೂ ಸಿಸಿ ರಸ್ತೆ, ಕಟ್ಟಡ, ಚರಂಡಿ ಆಗುತ್ತವೆ. ಆದರೆ ಆ ಪಟ್ಟಿ ಪಾಲಿಕೆ ಸಭೆಯಲ್ಲಿ ತಯಾರಾಗುವುದಿಲ್ಲ, ಅಲ್ಲಿ ಶಾಸಕರ ಮಾತು ನಡೆಯುತ್ತದೆ. ಕೆಲಸವೂ ಬಹಳ ಸಲ ಲೋಕೋಪಯೋಗಿಗೋ, ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರದಂಥ ಸರ್ಕಾರಿ ನಿರ್ಮಾಣ ಸಂಸ್ಥೆಗಳಿಗೋ ಹೋಗುತ್ತದೆ. ಒಂದೇ ರಸ್ತೆಯಲ್ಲಿ ಅರ್ಧ ಸಿಸಿ, ಅರ್ಧ ಮಣ್ಣು ಇರುವುದನ್ನು ನೋಡಿದ್ದೀರಲ್ವಾ? ಎಷ್ಟೋ ಕಡೆ ಅದು ಎರಡು ಲೆಕ್ಕಶೀರ್ಷಿಕೆ, ಅಂದರೆ ಎರಡು ಬೇರೆ ಬೇರೆ ಅನುದಾನದ ಖಾತೆ ಸೇರುವ ಗಡಿ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ. ಊರು ಒಂದೇ, ಕಾಮಗಾರಿ ಪಟ್ಟಿ ಹತ್ತು, ಆ ಹತ್ತನ್ನೂ ಒಟ್ಟಿಗೆ ಇಟ್ಟು ನೋಡುವ ಒಂದು ಮೇಜು ಇಲ್ಲ. ಜೊತೆಗೆ ನಮ್ಮ ಪಾಲಿಕೆಗೆ 2021ರ ಸೆಪ್ಟೆಂಬರಿನಲ್ಲಿ ಚುನಾವಣೆ ಆಯಿತು, ಮೇಯರ್ ಆಯ್ಕೆಯಾಗಿದ್ದು 2023ರ ಮಾರ್ಚಿನಲ್ಲಿ. ಅಷ್ಟು ದಿನ ಗೆದ್ದವರು ಸುಮ್ನೆ ಕೂತಿದ್ದರು, ಬಜೆಟ್ ಅಧಿಕಾರಿಗಳ ಕೈಯಲ್ಲಿತ್ತು. ಓಣಿಯ ಮಾತು ಸಭೆಯವರೆಗೆ ಹೋಗುವ ದಾರಿಯೇ ಇರಲಿಲ್ಲ.

ಈಗ ನಿಮ್ಮ ಬಡಾವಣೆ. ರಿಂಗ್ ರಸ್ತೆ ಆಚೆ ಅಂದಿರಿ, ಹಾಗಾಗಿ ನನಗೆ ಮೊದಲ ಅನುಮಾನ ಹಸ್ತಾಂತರದ್ದು. ನಗರಾಭಿವೃದ್ಧಿ ಪ್ರಾಧಿಕಾರ ನಕ್ಷೆ ಮಂಜೂರು ಮಾಡುತ್ತದೆ, ಲೇಔಟ್ ಮಾಡಿದವರು ರಸ್ತೆ, ಚರಂಡಿ, ದೀಪ ಪೂರ್ತಿ ಮಾಡಿ ಪಾಲಿಕೆಗೆ ಒಪ್ಪಿಸಬೇಕು. ಸೈಟು ಮಾರಿ ಆದಮೇಲೆ ಅದು ಅರ್ಧಕ್ಕೇ ನಿಲ್ಲುವುದು ಜಾಸ್ತಿ. ಒಪ್ಪಿಸದ ಬಡಾವಣೆಯಲ್ಲಿ ಪಾಲಿಕೆ ರೊಕ್ಕ ಹಾಕಿದರೆ ಆಡಿಟ್‌ನಲ್ಲಿ ಆಕ್ಷೇಪ ಬೀಳುತ್ತದೆ, ಹಾಗಾಗಿ ಎಂಜಿನಿಯರ್ ಕೈ ಹಾಕುವುದೇ ಇಲ್ಲ. ನೀವು ತೆರಿಗೆ ಕಟ್ಟುತ್ತಿದ್ದೀರಿ ಅಂದ ಮಾತ್ರಕ್ಕೆ ಬಡಾವಣೆ ಹಸ್ತಾಂತರ ಆಗಿದೆ ಅಂತಲ್ಲ. ಇದನ್ನು ಮೊದಲು ಪ್ರಾಧಿಕಾರದಲ್ಲಿ ಕೇಳಿ. ಆಗಿಲ್ಲದಿದ್ದರೆ ನಿಮ್ಮ ಹೋರಾಟ ಇರಬೇಕಾದದ್ದು ಅಲ್ಲಿ, ಪಾಲಿಕೆ ಮುಂದೆ ಧರಣಿ ಕೂತು ಪ್ರಯೋಜನವಿಲ್ಲ.

ಹಸ್ತಾಂತರ ಆಗಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. 'ನಮ್ಮ ವಾರ್ಡಿಗೆ ಏನು ಮಾಡಿದ್ದೀರಿ' ಅಂತ ಕೇಳಬೇಡಿ, ಅದಕ್ಕೆ ಅಂಥದ್ದೇ ಉತ್ತರ ಬರುತ್ತದೆ. ಇಂಥ ವರ್ಷ ಇಂಥ ವಾರ್ಡಿನಲ್ಲಿ ಚರಂಡಿ ಕಾಮಗಾರಿಗಳ ಕಾರ್ಯಾದೇಶ, ಅನುದಾನದ ಹೆಸರು, ಅಳತೆ ಪುಸ್ತಕದ (ಆದ ಕೆಲಸವನ್ನು ಎಂಜಿನಿಯರ್ ಅಳೆದು ಬರೆಯುವ ಪುಸ್ತಕ) ಪ್ರತಿ ಅಂತ ಕೇಳಿ. ಪಾಲಿಕೆಯಲ್ಲಿ ಇಲ್ಲ ಅಂದರೆ ಅದೇ ಅರ್ಜಿಯನ್ನು ಕೆಕೆಆರ್‌ಡಿಬಿಗೂ ಹಾಕಿ.

ಮತ್ತೆ, ಮಾರ್ಚಿನೊಳಗೆ ಬಜೆಟ್ ಆಗಬೇಕಾದ್ದರಿಂದ ಅದಕ್ಕೆ ಮೊದಲೇ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ. ಮಂದಿ ಬಹಳ ಕಡಿಮೆ ಬರುತ್ತಾರೆ. ನಾಲ್ಕು ಮನೆಯವರು ಸೇರಿ ಹೋಗಿ, ಬಾಯಿಮಾತಿನಲ್ಲಿ ಬಿಡಬೇಡಿ. ಓಣಿಯ ಹೆಸರು, ಎಲ್ಲಿಂದ ಎಲ್ಲಿಗೆ ಎಷ್ಟು ಮೀಟರ್ ಚರಂಡಿ, ನೀರು ಯಾವ ದೊಡ್ಡ ನಾಲೆಗೆ ಸೇರಬೇಕು ಅಂತ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.