ಅಮ್ಮನ ಪತ್ರಗಳನ್ನು ಯಾರೂ ತಿರಸ್ಕರಿಸಿಲ್ಲ

ಪ್ರಶ್ನೆ: ನನಗೆ 43 ವರ್ಷ. ಬಹಳ ಕಾಲ ತೈಲವರ್ಣದಲ್ಲೇ ಚಿತ್ರ ಬರೆಯುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ಅವರ ಪತ್ರಗಳು, ಹಳೆಯ ಬಟ್ಟೆ, ತುಕ್ಕು ಹಿಡಿದ ಬೀಗದಕೈ ಇವನ್ನೆಲ್ಲ ಹಲಗೆಯ ಮೇಲೆ ಅಂಟಿಸಿ, ಅಕ್ರಿಲಿಕ್ ಬಣ್ಣ ಸೇರಿಸಿ ಮಿಶ್ರ ಮಾಧ್ಯಮದ ಸರಣಿಯೊಂದನ್ನು ಮಾಡುತ್ತಿದ್ದೇನೆ. ವಾರ್ಷಿಕ ಪ್ರದರ್ಶನವೊಂದಕ್ಕೆ ಮೂರು ಸಲ ಕಳಿಸಿದೆ, ಮೂರು ಸಲವೂ ‘ವಿಷಾದದಿಂದ ತಿಳಿಸುತ್ತೇವೆ’ ಎಂಬ ಎರಡು ಸಾಲಿನ ಉತ್ತರ ಬಂತು. ಜೊತೆಯಲ್ಲೇ ಕಲಿತ ಗೆಳತಿಯ ಚಿತ್ರ ಈ ಬಾರಿ ಆಯ್ಕೆಯಾಗಿದೆ. ಅವಳ ಫೋನ್ ಎತ್ತಲು ಆಗುತ್ತಿಲ್ಲ. ‘ಮೊದಲಿನ ಹಾಗೆ ಚಿತ್ರ ಬರಿ, ಇದೆಲ್ಲ ಯಾಕೆ’ ಅನ್ನುತ್ತಾರೆ ನನ್ನ ಪತಿ. ಮೊನ್ನೆ ರಾತ್ರಿ ಹಲಗೆಯಿಂದ ಪತ್ರಗಳನ್ನು ಕಿತ್ತು ತೆಗೆಯಲು ಕೂತೆ. ಒಂದು ಹರಿಯಿತು, ಅಲ್ಲಿಗೆ ನಿಲ್ಲಿಸಿದೆ. ಈ ಕೆಲಸ ಬಿಟ್ಟುಬಿಡಲೇ? ಗೆಳತಿಯ ಪ್ರದರ್ಶನದ ಉದ್ಘಾಟನೆಗೆ ಹೋಗಲೇ?

ಉತ್ತರ: ನಿಲ್ಲಿಸಿದ್ದು ಒಳ್ಳೆಯದಾಯಿತು. ಒಣಗಿದ ಅಕ್ರಿಲಿಕ್ ಅಂಟು ಕಾಗದವನ್ನು ಸುಲಭವಾಗಿ ಬಿಡುವುದಿಲ್ಲ. ಎಳೆದಷ್ಟೂ ಹರಿಯುತ್ತದೆ. ಹರಿದ ಪತ್ರದ ಚೂರುಗಳನ್ನು ಒಂದು ಲಕೋಟೆಯಲ್ಲಿ ಹಾಕಿಡಿ. ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ. ಅದು ಕಾಲಕ್ರಮದಲ್ಲಿ ಹಳದಿಯಾಗಿ ಕಾಗದಕ್ಕೆ ಕಲೆ ಬಿಡುತ್ತದೆ. ಹಳೆಯ ಕಾಗದಪತ್ರಗಳನ್ನು ಸಂರಕ್ಷಿಸುವವರು ತೆಳು ಜಪಾನಿ ಕಾಗದ ಮತ್ತು ಪಿಷ್ಟದ ಅಂಟು ಬಳಸಿ ಇಂಥ ಹರಿದ ಭಾಗಗಳನ್ನು ಜೋಡಿಸುತ್ತಾರೆ, ಅಂಥವರೊಬ್ಬರನ್ನು ಕೇಳಬಹುದು. ಈ ತಿಂಗಳು ಆ ಹಲಗೆಗಳ ಬಗ್ಗೆ ಯಾವ ತೀರ್ಮಾನವನ್ನೂ ಮಾಡಬೇಡಿ.

ನಿಮ್ಮ ನೋವು ಸಾಮಾನ್ಯ ತಿರಸ್ಕಾರದ ನೋವಲ್ಲ. ನೀವು ಬರೆದ ತೈಲಚಿತ್ರವೊಂದು ವಾಪಸು ಬಂದಿದ್ದರೆ ಬೇಸರವಾಗುತ್ತಿತ್ತು, ವಾರದಲ್ಲಿ ಕಡಿಮೆಯಾಗುತ್ತಿತ್ತು. ಇಲ್ಲಿ ಹಲಗೆಯ ಮೇಲಿರುವುದು ಅಮ್ಮನ ಕೈಬರಹ. ‘ಬೇಡ’ ಎಂಬ ಉತ್ತರ ಬಂದಾಗ ಅಮ್ಮನನ್ನೇ ಬಾಗಿಲಲ್ಲಿ ನಿಲ್ಲಿಸಿ ಕಳಿಸಿದ ಹಾಗೆ ನಿಮಗೆ ಅನ್ನಿಸಿದೆ. ಮೂರು ವರ್ಷವೂ ಹಾಗೇ ಅನ್ನಿಸಿರಬೇಕು. ಅಗಲಿಕೆಯ ದುಃಖ ಮತ್ತು ಕಲಾವಿದೆಯ ನಿರಾಸೆ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಬಿಡಿಸಿ ನೋಡದೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಆಯ್ಕೆ ಸಮಿತಿ ನಿಮ್ಮ ಅಮ್ಮನನ್ನು ನೋಡಿಲ್ಲ. ಬಹುಪಾಲು ಕಡೆ ಮೊದಲ ಸುತ್ತಿನಲ್ಲಿ ಅವರು ಕೃತಿಯನ್ನೂ ನೋಡುವುದಿಲ್ಲ, ಅದರ ಫೋಟೊ ನೋಡುತ್ತಾರೆ. ತೈಲಚಿತ್ರಕ್ಕೆ ಇದರಿಂದ ಅಷ್ಟೊಂದು ನಷ್ಟವಿಲ್ಲ. ಮಿಶ್ರ ಮಾಧ್ಯಮಕ್ಕೆ ಬಹಳ ನಷ್ಟವಿದೆ. ಬಟ್ಟೆಯ ಮಡಿಕೆ, ಬೀಗದಕೈಯ ನೆರಳು, ಬಣ್ಣದಡಿಯಿಂದ ಇಣುಕುವ ಅಕ್ಷರ, ಇವೆಲ್ಲ ಎದುರಿನಿಂದ ಸಮನಾದ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಚಪ್ಪಟೆಯಾಗಿ ಕಂದುಬಣ್ಣದ ಕಲೆಗಳಂತೆ ಕಾಣುತ್ತವೆ. ನೀವು ಕಳಿಸಿದ ಫೋಟೊಗಳನ್ನು ಇವತ್ತೇ ತೆರೆದು, ಆ ಹಲಗೆಯನ್ನು ಎಂದೂ ಕಾಣದವರಂತೆ ನೋಡಿ. ಮುಂದಿನ ಸಲ ಮುಖ್ಯ ಬೆಳಕನ್ನು ಒಂದು ಪಕ್ಕದಿಂದ, ತಗ್ಗಿನ ಕೋನದಲ್ಲಿ ಬೀಳಿಸಿ, ಎದುರು ಪಕ್ಕದಲ್ಲಿ ಬಿಳಿ ರಟ್ಟು ಹಿಡಿದು ನೆರಳನ್ನು ತುಸು ತಿಳಿಯಾಗಿಸಿ. ಅವಕಾಶವಿದ್ದರೆ ಇಡೀ ಕೃತಿಯ ಫೋಟೊ ಜೊತೆಗೆ ಹತ್ತಿರದಿಂದ ತೆಗೆದ ಒಂದು ಫೋಟೊ, ದಪ್ಪ ತಿಳಿಯುವಂತೆ ಪಕ್ಕದಿಂದ ತೆಗೆದ ಒಂದು ಫೋಟೊ ಸೇರಿಸಿ. ‘ಮಿಶ್ರ ಮಾಧ್ಯಮ’ ಎಂದಷ್ಟೇ ಬರೆದು ಬಿಡಬೇಡಿ. ಕೈಬರಹದ ಪತ್ರ, ಹತ್ತಿಬಟ್ಟೆ, ಕಬ್ಬಿಣ, ಅಕ್ರಿಲಿಕ್, ಮರದ ಹಲಗೆ ಎಂದು ಹೆಸರಿಸಿ, ತೂಕ ಎಷ್ಟು, ಹೇಗೆ ತೂಗುಹಾಕಬೇಕು ಎಂಬುದನ್ನೂ ತಿಳಿಸಿ. ಗೋಡೆಯ ಮೇಲೆ ಹೇಗೆ ನಿಲ್ಲುತ್ತದೋ ಗೊತ್ತಾಗದ ಕೃತಿಯನ್ನು ಸಂಘಟಕರು ಪಕ್ಕಕ್ಕಿಡುವುದುಂಟು.

ಜಾಗದ ಕೊರತೆಯೂ ದೊಡ್ಡ ಕಾರಣ. 1956ರಲ್ಲಿ ಅಮೆರಿಕದ ಕಲಾವಿದ ಆ್ಯಂಡಿ ವಾರ್ಹಾಲ್ ತನ್ನ ರೇಖಾಚಿತ್ರವೊಂದನ್ನು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಉಡುಗೊರೆಯಾಗಿ ಕೊಟ್ಟಾಗ, ಗ್ಯಾಲರಿಯಲ್ಲೂ ಉಗ್ರಾಣದಲ್ಲೂ ಜಾಗ ಕಡಿಮೆ ಎಂಬ ಕಾರಣ ಹೇಳಿ ಸಂಗ್ರಹಾಲಯ ಅದನ್ನು ನಿರಾಕರಿಸಿತ್ತು. ಇಂದು ಅದೇ ಸಂಗ್ರಹಾಲಯದಲ್ಲಿ ಅವನ ಅನೇಕ ಕೃತಿಗಳಿವೆ. ನಿಮ್ಮದೂ ಹೀಗೇ ಆಗುತ್ತದೆ ಎಂದು ನಾನು ಭರವಸೆ ಕೊಡುತ್ತಿಲ್ಲ. ಎರಡು ಸಾಲಿನ ಉತ್ತರದೊಳಗೆ ಕೃತಿಯ ಬೆಲೆ ಬರೆದಿರುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಕಷ್ಟದ ಮಾತು. ಮೂರು ಸಲ ಬೇಡವೆಂದದ್ದಕ್ಕೆ ಫೋಟೊ ಮತ್ತು ಜಾಗವೇ ಕಾರಣ ಎಂದು ನಾನು ಹೇಳಿದರೆ ಅದು ನಿಮಗೆ ಮಾಡುವ ಉಪಕಾರವಲ್ಲ. ಆ ಪತ್ರ ನಿಮ್ಮ ಪಾಲಿಗೆ ಅಮ್ಮನ ದನಿ. ನೋಡುವವರಿಗೆ ಅದು ಯಾರದೋ ಹಳೆಯ ಕಾಗದ. ನಿಮ್ಮೊಳಗಿನ ನೆನಪು ಅವರಿಗೆ ತಲುಪಬೇಕಾದರೆ ಹಲಗೆಯ ಮೇಲೆ ನೀವು ಏನಾದರೂ ಮಾಡಿರಬೇಕು. ಅಮೆರಿಕದ ಇನ್ನೊಬ್ಬ ಕಲಾವಿದ ರಾಬರ್ಟ್ ರೌಶನ್‌ಬರ್ಗ್ 1955ರಲ್ಲಿ ಒಂದು ಕೌದಿ, ದಿಂಬು, ಹಾಸುಬಟ್ಟೆಯನ್ನು ಚೌಕಟ್ಟಿಗೆ ಜೋಡಿಸಿ ಮೇಲೆ ಬಣ್ಣ ಸುರಿದು ‘ಬೆಡ್’ ಎಂಬ ಕೃತಿ ಮಾಡಿದ. ಅದು ಯಾರ ಕೌದಿ ಎಂದು ಗೊತ್ತಿಲ್ಲದವರಿಗೂ ಎದುರು ನಿಂತಾಗ ಯಾರೋ ಇಲ್ಲಿ ಮಲಗಿದ್ದರು ಎಂಬ ಅಳುಕು ಹುಟ್ಟುತ್ತದೆ. ಮಲಗುವ ವಸ್ತು ಗೋಡೆಯ ಮೇಲೆ ನೆಟ್ಟಗೆ ನಿಂತಿರುವುದರಿಂದ, ಬಣ್ಣ ಹೆಚ್ಚಾಗಿ ಮೇಲ್ಭಾಗದಲ್ಲಿ ಬಿದ್ದು ಕೆಳಗೆ ಕೌದಿ ಕೌದಿಯಾಗಿಯೇ ಉಳಿದಿರುವುದರಿಂದ ಅದು ಸಾಧ್ಯವಾಗಿದೆ. ಅಂಥ ಕೃತಿಯನ್ನೂ 1958ರಲ್ಲಿ ಇಟಲಿಯ ಸ್ಪೊಲೆಟೊ ಉತ್ಸವದಲ್ಲಿ ಪ್ರದರ್ಶಿಸಲು ಒಪ್ಪದೆ ಒಳಕೋಣೆಯಲ್ಲಿ ಇಟ್ಟಿದ್ದರು.

ಆದ್ದರಿಂದ ನಿಮ್ಮ ಅಮ್ಮನನ್ನು ಕಾಣದ, ಚಿತ್ರಕಲೆ ಬಲ್ಲ ಒಬ್ಬರನ್ನು ಮನೆಗೆ ಕರೆಯಿರಿ. ಕಥೆ ಹೇಳಬೇಡಿ. ಹಲಗೆಯ ಮುಂದೆ ನಿಲ್ಲಿಸಿ, ಏನು ಕಾಣುತ್ತಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು, ಯಾವುದನ್ನು ತೆಗೆದರೂ ನಡೆಯುತ್ತದೆ ಎಂದು ಕೇಳಿ. ‘ಚೆನ್ನಾಗಿದೆಯೇ’ ಎಂದು ಮಾತ್ರ ಕೇಳಬೇಡಿ. ಬೀಗದಕೈ ಬೇಡ ಅಂದಾಗ ನಿಮಗೆ ಕೋಪ ಬಂದರೆ, ಅದು ಕೃತಿಗೆ ಬೇಕಾಗಿದೆಯೋ ನಿಮಗೆ ಬೇಕಾಗಿದೆಯೋ ಯೋಚಿಸಿ. ನಿಮಗೆ ಬೇಕಾದದ್ದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಬಹುದು. ನನ್ನ ಅಂದಾಜಿನಲ್ಲಿ, ಯಾವುದನ್ನೂ ಬಿಡಲಾಗದೆ ಎಲ್ಲವನ್ನೂ ಒಂದೇ ಹಲಗೆಗೆ ಸೇರಿಸಿದ್ದೀರಿ. ಅಗಲಿಕೆಯ ಮೊದಲ ವರ್ಷಗಳಲ್ಲಿ ಇದು ಸಹಜ.

ಉಳಿದ ಪತ್ರಗಳನ್ನು ಅಂಟಿಸುವ ಮುಂಚೆ ಸ್ಕ್ಯಾನ್ ಮಾಡಿಸಿ, ಒಳ್ಳೆಯ ಆಮ್ಲರಹಿತ ಕಾಗದದ ಮೇಲೆ ಪ್ರತಿ ತೆಗೆಸಿ ಅದನ್ನು ಬಳಸಿ. ಮೂಲ ಪತ್ರಗಳು ಪೆಟ್ಟಿಗೆಯಲ್ಲಿರಲಿ. ಪ್ರತಿಯನ್ನು ಹರಿಯಬಹುದು, ದೊಡ್ಡದು ಮಾಡಬಹುದು, ಬಣ್ಣದಲ್ಲಿ ಮುಳುಗಿಸಬಹುದು, ತಪ್ಪಾದರೆ ಇನ್ನೊಂದು ತೆಗೆಸಬಹುದು. ಅಮ್ಮನ ಪತ್ರ ಸುರಕ್ಷಿತವಾಗಿದೆ ಎಂದು ಗೊತ್ತಿದ್ದರೆ ನಿಮ್ಮ ಕೈ ಧೈರ್ಯ ಮಾಡುತ್ತದೆ, ಮುಂದಿನ ‘ಬೇಡ’ ಕೂಡ ಇಷ್ಟು ಆಳಕ್ಕೆ ಇಳಿಯಲಿಕ್ಕಿಲ್ಲ.

ಗೆಳತಿಯ ವಿಷಯ. ಉದ್ಘಾಟನೆಗೆ ಹೋಗಬೇಡಿ. ಎಲ್ಲರೂ ‘ನಿಮ್ಮದೆಲ್ಲಿ?’ ಎಂದು ಕೇಳುವ ಸಂಜೆ ಅದು, ನಗುತ್ತಾ ನಿಲ್ಲುವ ಶಕ್ತಿ ಈಗ ನಿಮಗಿಲ್ಲ. ಆದರೆ ಫೋನ್ ಎತ್ತದೆ ದಿನ ದೂಡುವುದು ಅವಳಿಗೆ ಅನ್ಯಾಯ, ಅವಳೇನೂ ತಪ್ಪು ಮಾಡಿಲ್ಲ. ಇವತ್ತು ಒಂದು ಸಂದೇಶ ಕಳಿಸಿ: ‘ನಿನ್ನದು ಆಯ್ಕೆಯಾಗಿದ್ದು ಒಳ್ಳೆಯದಾಯಿತು ಕಣೆ. ನನ್ನದು ಆಗಲಿಲ್ಲ, ಅದಕ್ಕೇ ಮಾತಾಡೋಕೆ ಆಗ್ತಿಲ್ಲ. ಜನ ಕಡಿಮೆ ಇರೋ ದಿನ ಬಂದು ನೋಡ್ತೀನಿ.’ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ನಿಮ್ಮನ್ನು ನೀವು ಹಳಿದುಕೊಳ್ಳುವುದು ಸಾಕು. ಹೋದಾಗ ಅವಳ ಚಿತ್ರವನ್ನು ನಿಧಾನವಾಗಿ ನೋಡಿ, ಅಲ್ಲಿ ಆಯ್ಕೆಯಾದ ಮಿಶ್ರ ಮಾಧ್ಯಮದ ಕೃತಿಗಳಿದ್ದರೆ ಅವನ್ನೂ ನೋಡಿ. ಒಂದೂ ಇಲ್ಲದಿದ್ದರೆ ನಿಮ್ಮ ಕೆಲಸವನ್ನು ತಪ್ಪು ಬಾಗಿಲಿಗೆ ಕಳಿಸುತ್ತಿದ್ದೀರಿ. ಕೊಲಾಜ್, ಬಟ್ಟೆ, ವಸ್ತುಗಳನ್ನು ತೋರಿಸುವ ಬೇರೆ ಪ್ರದರ್ಶನಗಳನ್ನು ಹುಡುಕಿ.

ನಿಮ್ಮ ಪತಿ ನೀವು ಅಳುವುದನ್ನು ಕಂಡು ಹಾಗೆ ಹೇಳಿರಬಹುದು. ಅವರಿಗೆ ಒಮ್ಮೆ ಆ ಪತ್ರಗಳನ್ನು ಓದಿ ಹೇಳಿ. ಚಿತ್ರದ ಬಗ್ಗೆ ಅವರ ಅಭಿಪ್ರಾಯ ಏನೇ ಇರಲಿ, ನೀವು ಏನನ್ನು ಹೊತ್ತುಕೊಂಡಿದ್ದೀರಿ ಎಂಬುದು ಅವರಿಗೆ ತಿಳಿದಿರಬೇಕು. ತೈಲವರ್ಣಕ್ಕೆ ಮರಳುವ ಮನಸ್ಸು ನಿಮಗೇ ಬಂದರೆ ಧಾರಾಳವಾಗಿ ಮರಳಿ. ಯಾವುದೋ ಸಮಿತಿ ಬೇಡವೆಂದಿತು ಎಂಬ ಕಾರಣಕ್ಕೆ ಮಾತ್ರ ಬೇಡ.